ಲೂಪಿಗೆ ಸಿಗದ ಮೊದಲ ಉಂಗುರ

ಹಾರೋಹಳ್ಳಿಯ ಒಂದು ಕಾರ್ಖಾನೆಯ ಅಳತೆ ವಿಭಾಗಕ್ಕೆ ನಾನು ಸೇರಿದಾಗ, ಅಲ್ಲಿನ ಕಂಪ್ಯೂಟರ್ ಪ್ರೋಗ್ರಾಮು ನಮ್ಮ ಸೂಪರ್‌ವೈಸರ್ ಸಾಹೇಬರ ಪಿತ್ರಾರ್ಜಿತ ಆಸ್ತಿಯಂತಿತ್ತು. ಅವರು ತಿಪ್ಪಸಂದ್ರದ ಕಡೆಯವರು. ಅದನ್ನು ತಾವೇ ಬರೆದದ್ದೆಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅಲ್ಲಿ ತಯಾರಾಗುತ್ತಿದ್ದುದು ಲೋಹದ ಉಂಗುರಗಳು. ಪ್ರತಿ ಉಂಗುರವನ್ನೂ ಹಲವು ಕಡೆ ಅಳೆದು, ಇರಬೇಕಾದದ್ದಕ್ಕಿಂತ ಎಷ್ಟು ಹೆಚ್ಚುಕಡಿಮೆ ಎಂದು ಕಂಪ್ಯೂಟರ್ ಹೇಳಬೇಕು. ಸಾಹೇಬರದು ಲೂಪಿನೊಳಗೆ ಲೂಪು, ಸುತ್ತಿನೊಳಗೆ ಸುತ್ತು: ಒಂದು ಉಂಗುರ ತೆಗೆದುಕೊ, ಅದರ ಒಂದು ಅಳತೆ ತೆಗೆದುಕೊ, ಕಳೆ, ಬರೆದಿಡು, ಮುಂದಿನದಕ್ಕೆ ಹೋಗು. ಬೆಳಿಗ್ಗೆ ಬಂದು ಒತ್ತಿದರೆ ಟೀ ಹೊತ್ತಿಗೆ ಉತ್ತರ.

"ಒಸಿ ಕಾಯಮ್ಮ, ಅದು ಯೋಚ್ನೆ ಮಾಡ್ತೈತೆ," ಎನ್ನುತ್ತಿದ್ದರು.

ಅದು ಯೋಚಿಸುತ್ತಿರಲಿಲ್ಲ. ಬರೆದವರೂ ಯೋಚಿಸಿರಲಿಲ್ಲ.

ಒಂದು ದಿನ ನಾನು ಇಡೀ ಪಟ್ಟಿಯನ್ನು ಒಂದೇ 'ಅರೇ', ಅಂದರೆ ಸಾಲುಸಾಲಾಗಿ ಜೋಡಿಸಿದ ಒಂದೇ ಕೋಷ್ಟಕ, ಮಾಡಿ, ಸರಿಯಾದ ಅಳತೆಗಳನ್ನು ಅದರಿಂದ ಒಟ್ಟಿಗೇ ಕಳೆದೆ. ಲೂಪೇ ಇಲ್ಲ, ಒಂದೇ ಸಾಲು. ಕೀಲಿಯಿಂದ ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂತು.

"ಇಷ್ಟ್ ಬೇಗ ಬಂತು ಅಂದ್ರೆ ತಪ್ಪೇ ಕಣಮ್ಮ," ಎಂದರು, ಪರದೆಯ ಕಡೆ ತಿರುಗದೆ.

ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟೆ. ಎಲ್ಲ ಒಂದೇ, ಆದರೆ ನನ್ನದರಲ್ಲಿ ಒಂದು ಉಂಗುರ ಹೆಚ್ಚಿಗೆ ಇತ್ತು. ಅರೇಯಲ್ಲಿ ಎಣಿಕೆ ಶುರುವಾಗುವುದು ಸೊನ್ನೆಯಿಂದ, ಮೊದಲ ಉಂಗುರದ ಸಂಖ್ಯೆಯೇ ಸೊನ್ನೆ. ಉಂಗುರಗಳನ್ನು ಎಣಿಸುವ ಲೂಪನ್ನು ಸಾಹೇಬರು ಒಂದರಿಂದ ಹೊರಡಿಸಿದ್ದರು. ದಿನದ ಮೊದಲ ಉಂಗುರವನ್ನು ಅದು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

"ಮೊದಲ್ನೇ ಪೀಸು ಯಾವಾಗ್ಲೂ ಸರಿಯಾಗೇ ಇರ್ತದೆ, ಬುಡಮ್ಮ."

ಯಂತ್ರ ಬಿಸಿಯಾಗುವ ಮುಂಚೆ ಬರುವ ಆ ಪೀಸೇ ಹೆಚ್ಚು ಕೆಡುವುದೆಂದು ಅದನ್ನು ನಡೆಸುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಸಾಹೇಬರು ಕೇಳುವ ಜಾತಿಯವರಲ್ಲ. ಅಂದಿನ ಮೊದಲ ಉಂಗುರ ಇನ್ನೂ ಕಪಾಟಿನಲ್ಲಿತ್ತು, ತಂದು ಕೈಗಿಟ್ಟೆ. ಮೂರು ಸಲ ಅಳೆದರು. ಮೂರು ಸಲವೂ ಅಳತೆ ತಪ್ಪಿತ್ತು. ಅವರು ಅಳೆಯುವ ಸಾಧನವನ್ನು ಒರೆಸುತ್ತಾ ಕೂತರು.

ವಿಷಯ ಮ್ಯಾನೇಜರ್ ಕಿವಿಗೆ ಬಿತ್ತು. "ಇನ್ಮೇಲೆ ನಿನ್ ಪ್ರೋಗ್ರಾಮೇ ಹಾಕು. ಮೇಲ್ಗಡೆ ಮಾತ್ರ ಅವ್ರ ಹೆಸ್ರೇ ಇರ್ಲಿ, ದೊಡ್ಡೋರು," ಎಂದರು.

"ಆಯ್ತು ಸಾರ್," ಎಂದೆ. ಸಾಹೇಬರ ಬಗ್ಗೆ ನನಗೆ ಎಷ್ಟು ತಾತ್ಸಾರವಿತ್ತೋ, ಆ ಹೆಸರನ್ನು ಅಕ್ಷರ ತಪ್ಪದೆ ಟೈಪ್ ಮಾಡುತ್ತಿದ್ದ ನನ್ನ ಬೆರಳುಗಳ ಬಗ್ಗೆಯೂ ಅಷ್ಟೇ ಇತ್ತು.

ವಾರದೊಳಗೆ ಕನಕಪುರದಿಂದ ಒಂದಷ್ಟು ವಿದ್ಯಾರ್ಥಿಗಳು ಕಾರ್ಖಾನೆ ನೋಡಲು ಬಂದರು. ಸಾಹೇಬರು ಪರದೆ ತೋರಿಸಿ, "ನಾನೇ ಬರ್ದಿದ್ದು. ಈಗ ಒಸಿ ಸ್ಪೀಡ್ ಮಾಡಿವ್ನಿ," ಎಂದರು. ನಾನು ನಮ್ಮೂರ ಕಡೆಯ ಕೋಡಿಹಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.