ಟಕ್ ಅಂದರೆ ಫುಲ್ ಅಲ್ಲ

ಗಂಡನಿಗೆ ಬೆನ್ನಿನ ಡಿಸ್ಕ್ ಜಾರಿ ಹಾಸಿಗೆ ಹಿಡಿದ ಮೇಲೆ ನಮ್ಮ ಸ್ಕೂಲ್ ವ್ಯಾನ್ ಓಡಿಸಲು ನಾನೇ ಕೂತೆ. ಲೈಸೆನ್ಸ್ ಮೊದಲೇ ಇತ್ತು, ಧೈರ್ಯವೂ ಇತ್ತು. ಇಲ್ಲದಿದ್ದದ್ದು ವ್ಯಾನಿನಲ್ಲಿ ಡೀಸೆಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು. ಅದು ಕೆಟ್ಟು ಎಷ್ಟೋ ಕಾಲವಾಗಿತ್ತು. "ಸೋಮವಾರ ಫುಲ್ ಮಾಡಿಸ್ಬಿಡು, ಶನಿವಾರದ ತನಕ ಆ ಕಡೆ ನೋಡೋದೇ ಬೇಡ" ಎಂದಿದ್ದರು ಗಂಡ. ನಮ್ಮ ಮನೆಯ ಲೆಕ್ಕ ಅಷ್ಟೇ.

ಸೋಮವಾರ ಕಾಮಾಕ್ಷಿಪಾಳ್ಯದ ಬಂಕಿನಲ್ಲಿ ಪೈಪು ಟಕ್ ಎಂದು ತಾನೇ ನಿಂತಿತು. ಫುಲ್ ಆಯಿತೆಂದು ಹೊರಟೆ. ಶನಿವಾರ ಬೆಳಿಗ್ಗೆ ನಾಯಂಡಹಳ್ಳಿ ಸಿಗ್ನಲ್ ದಾಟುವಷ್ಟರಲ್ಲಿ ವ್ಯಾನ್ ಮುಗ್ಗರಿಸಿ ನಿಂತೇಬಿಟ್ಟಿತು. ಒಳಗೆ ಮಕ್ಕಳು, ಹಿಂದೆ ಬಸ್ಸುಗಳ ಹಾರ್ನ್. ಡೀಸೆಲ್ ಗಾಡಿ ಒಮ್ಮೆ ಖಾಲಿಯಾದರೆ ಕ್ಯಾನಿನಲ್ಲಿ ತಂದು ಸುರಿದರೂ ಸಾಲದು. ಪೈಪಿನೊಳಗೆ ಹೊಕ್ಕ ಗಾಳಿಯನ್ನು ಮೆಕ್ಯಾನಿಕ್ ಬಂದು ತೆಗೆಯಬೇಕು. ಮಕ್ಕಳನ್ನು ಬೇರೆ ವ್ಯಾನಿಗೆ ಹತ್ತಿಸಿ ಕಳಿಸಿದೆ. ಮೆಕ್ಯಾನಿಕ್ ಬಂದು ಗಾಡಿ ಹೊರಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಸಂಜೆಯೊಳಗೆ ಪೇರೆಂಟ್ಸ್ ಗ್ರೂಪಿನಲ್ಲಿ ತೀರ್ಪು ಬಂತು. ಸೋಮವಾರದಿಂದ ಬೇರೆ ಡ್ರೈವರ್ ಬರಬೇಕು, ಇಲ್ಲದಿದ್ದರೆ ಮಕ್ಕಳನ್ನು ಕಳಿಸುವುದಿಲ್ಲ. ಗಂಡ ಮಲಗಿದಲ್ಲಿಂದಲೇ ಬ್ಯಾಡರಹಳ್ಳಿಯ ಒಬ್ಬ ಡ್ರೈವರ್‌ಗೆ ಫೋನ್ ಮಾಡಿ ಗೊತ್ತು ಮಾಡಿಬಿಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ರೀ, ಫುಲ್ ಮಾಡಿಸಿದ್ದೆ. ಡೀಸೆಲ್ ಎಲ್ಲಿಗೋಯ್ತು ಹಾಗಾದ್ರೆ?"

"ನೀನು ಗೇರ್ ಸರಿಯಾಗಿ ಹಾಕಲ್ಲ ಕಣೇ, ಜಾಸ್ತಿ ಕುಡ್ದಿದೆ."

ಅಲ್ಲಿಗೆ ನಾನು ಹಟ ಹಿಡಿದೆ. ಭಾನುವಾರ ಅದೇ ಬಂಕಿಗೆ ಹೋಗಿ, ಸೀಟಿನಲ್ಲಿ ಕೂರದೆ ಟ್ಯಾಂಕಿನ ಪಕ್ಕದಲ್ಲೇ ನಿಂತೆ. ಟಕ್. "ಫುಲ್ ಆಯ್ತಕ್ಕ" ಎಂದಳು ಬಂಕಿನ ಹೆಂಗಸು. ಪೈಪು ತೆಗೆಸಿ ಬಗ್ಗಿ ನೋಡಿದರೆ ಬಾಯಿಯ ತನಕ ಬರೀ ನೊರೆ.

"ಇದು ನೊರೆ ಅಲ್ವೇನಮ್ಮಾ?"

"ಡೀಸೆಲ್ ಹಂಗೇ ಅಕ್ಕ. ಜೋರಾಗಿ ಬೀಳತ್ತಲ್ಲ, ಗಾಳಿ ಸೇರ್ಕೊಳತ್ತೆ. ನೊರೆ ತಗುಲಿದ್ರೂ ಪೈಪು ಕಟ್ ಆಗತ್ತೆ."

ಪೆಟ್ರೋಲ್ ತೆಳ್ಳಗಿರುವುದರಿಂದ ಅದರ ಗುಳ್ಳೆ ಬೇಗ ಒಡೆಯುತ್ತದೆ. ಡೀಸೆಲ್ ಎಣ್ಣೆಯಂತೆ ಮಂದ, ಅದರ ನೊರೆ ನಿಧಾನಕ್ಕೆ ಕೂರುತ್ತದೆ. ಎತ್ತಿ ಹೊಯ್ದ ಕಾಫಿಯ ಲೋಟ ತುಂಬಿದಂತೆ ಕಂಡು, ಕುಡಿಯಲು ಹೋದರೆ ಅರ್ಧ ಇರುತ್ತದಲ್ಲ, ಹಾಗೆ.

"ಆಂಟಿ, ಗಾಡಿ ಮುಂದಕ್ಕೆ ತಗೊಳ್ಳಿ!" ಹಿಂದಿನ ಟೆಂಪೋದವನು ಕೂಗಿದ.

"ನೊರೆ ಇಳೀಲಿ, ತಗೋತೀನಿ."

ಅವನು ಹಾರ್ನ್ ಒತ್ತಿಯೇ ಒತ್ತಿದ. ನಾನು ಕದಲಲಿಲ್ಲ. ನೊರೆ ಇಳಿದ ಮೇಲೆ ನಿಧಾನಕ್ಕೆ ಹಾಕಿಸಿದೆ. ಮತ್ತೆ ಟಕ್, ಮತ್ತೆ ಕಾದೆ, ಮತ್ತೆ ಹಾಕಿಸಿದೆ. ಟ್ಯಾಂಕು ನುಂಗುತ್ತಲೇ ಹೋಯಿತು.

ಮನೆಗೆ ಬಂದು ಗಂಡನನ್ನು ಕೇಳಿದೆ: "ನೀವು ಹೆಂಗೆ ಹಾಕಿಸ್ತಿದ್ರಿ?"

"ಹೆಂಗೆ ಅಂದ್ರೆ? ಟಕ್ ಅಂದ್ಮೇಲೆ ಅಲ್ಲಿರೋರ ಹತ್ರ ನಾಕು ಮಾತಾಡಿ, ಆಮೇಲೆ ಇನ್ನೊಂಚೂರು ಹಾಕಿ ಅಂತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಟ್ಯಾಂಕು ತುಂಬಿಸಿದ್ದು ಇವರ ಹರಟೆ! ಇವರು ಮಾತಿಗೆ ನಿಂತರೆ ಎಂಥ ನೊರೆಯಾದರೂ ಇಳಿಯಲೇಬೇಕು.

ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದು, ಸೋಮವಾರ ನಾನೇ ಬರುತ್ತೇನೆ ಎಂದು ಹಾಕಿದೆ. ಎಲ್ಲರೂ ನೋಡಿದ ಗುರುತು ಬಂತು. ಬೆಳಿಗ್ಗೆ ಬ್ಯಾಡರಹಳ್ಳಿಯ ಡ್ರೈವರ್ ಗೇಟಿನ ಹತ್ತಿರ ಬಂದು ಕೀ ಕೇಳಿದರು.

"ಈ ಗಾಡಿಗೆ ಡ್ರೈವರ್ ಇದಾರೆ ಅಣ್ಣ" ಎಂದು ಹತ್ತಿ ಕೂತೆ.

ವಿಜಯನಗರದ ಮೊದಲ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಹಾರ್ನ್ ಒತ್ತಿ ಎರಡು ನಿಮಿಷ ಕಾದು, ಮುಂದೆ ಹೋದೆ. ಎರಡನೆಯದರಲ್ಲಿ, ಗ್ರೂಪಿನಲ್ಲಿ ಬೇರೆ ಡ್ರೈವರ್ ಬೇಕೆಂದು ಮೊದಲು ಬರೆದಿದ್ದ ತಾಯಿ ಮಗಳ ಕೈ ಹಿಡಿದು ನಿಂತಿದ್ದರು. ನನ್ನನ್ನೇ ದಿಟ್ಟಿಸಿ ನೋಡಿದರು.

"ಫುಲ್ ಇದೆಯಾ?"

"ನೊರೆ ಇಳಿಸಿ ಹಾಕ್ಸಿದೀನಿ."

ಮಗಳನ್ನು ಎತ್ತಿ ಒಳಗೆ ಕೂರಿಸಿ, ಬಾಗಿಲನ್ನು ತಾವೇ ಎಳೆದು ಹಾಕಿದರು.