ಹಿಮವಿಲ್ಲದ ಊರಿನ ಹಿಮಗಾಡಿ

ಮಲೇಷ್ಯಾದ ಬಯಾನ್ ಲೆಪಾಸಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಇಂಜಿನಿಯರ್ ಯಜ್ಞನಾರಾಯಣರಿಗೆ ಕೆಟ್ಟ ಯಂತ್ರ ಕಂಡರೆ ಕೈ ಸುಮ್ಮನಿರದು. ನೆರೆಯವರ ರೇಡಿಯೊ, ಇಸ್ತ್ರಿಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಮುಗಿದ ಮೇಲೆ, ಕ್ಲಾಂಗ್ ಬಂದರಿನ ಹರಾಜಿನಿಂದ ಹಿಮದ ಮೇಲೆ ಓಡುವ ಹಳೇ ಸ್ನೋಮೊಬೈಲ್ ಗಾಡಿಯೊಂದನ್ನು ಹೊತ್ತು ತಂದರು. "ಮಲೇಷ್ಯಾದಲ್ಲಿ ಹಿಮ ಎಲ್ಲುಂಟು ಮಾರಾಯ್ರೇ?" ಎಂದು ಹೆಂಡತಿ ಗುಲಾಬಿ ನಕ್ಕರೆ, "ಹಿಮ ಇರ್ಲಿ, ಮೊದ್ಲು ಇದರ ಹಲ್ಲು ನೋಡು" ಎನ್ನುವರು. ಅಡಿಯ ರಬ್ಬರ್ ಪಟ್ಟಿಯನ್ನು ತಿರುಗಿಸುವ ಹಲ್ಲುಚಕ್ರಗಳು ಸವೆದು ನುಣ್ಣಗಾಗಿದ್ದವು. ಭಾನುವಾರಗಳೆಲ್ಲ ಬೆವರು ಸುರಿಸುತ್ತ ಪಟ್ಟಿ ಕಳಚಿ, ಅಚ್ಚು ಹೊರಗೆಳೆದು, ಕೆನಡಾದಿಂದ ತರಿಸಿದ ಹೊಸ ಚಕ್ರಗಳನ್ನು ಕೂರಿಸಿದರು. ಗಾಡಿಯ ಹಿಂಭಾಗ ಎತ್ತಿ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದಾಗ ಪಟ್ಟಿ ಒಂದಿಷ್ಟೂ ಜಾರದೆ ತಿರುಗಿತು. "ಇಷ್ಟು ವರ್ಷ ಚಿಪ್ ಮಾಡಿದೆ ಗುಲಾಬಿ, ನನ್ನ ಕೈಯ ಕೆಲ್ಸ ಓಡುವುದನ್ನು ಕಣ್ಣಾರೆ ನೋಡಿದ್ದು ಇವತ್ತೇ" ಎಂದರು. ಅಂಗಡಿಯಿಂದ ತಪಾವ್ ಮಾಡಿ ಕಟ್ಟಿಸಿಕೊಂಡು ತಂದ ನೂಡಲ್ಸ್ ಆರುತ್ತಿದ್ದರೂ ಗುಲಾಬಿ ಅಲ್ಲೇ ಕುಳಿತು, "ಇನ್ನೊಮ್ಮೆ ತಿರುಗಿಸಿ" ಎಂದರು.