ಖಾಲಿ ಸೀಟು
ನಮ್ಮ ಮೊಬೈಲ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಅವನನ್ನು ಎಲ್ಲರೂ ಕಂಡಕ್ಟರ್ ಎಂದೇ ಕರೆಯುತ್ತೇವೆ. ಯಾವ ಟವರಿನಲ್ಲಿ ಮಾತು ಕಡಿಮೆಯೋ ಅದರ ತರಂಗಗಳನ್ನು ಕಿತ್ತು ಜನ ಕಿಕ್ಕಿರಿದ ಕಡೆಗೆ ಕೊಡುವುದು ಅವನ ಕೆಲಸ. ಪರದೆಗೆ ಮೂಗು ತಾಗುವಂತೆ ಕೂತು, "ಒಳಗೆ ಸರೀರಿ, ಜಾಗ ಇದೆ! ಖಾಲಿ ಸೀಟು ಯಾರಪ್ಪನ ಆಸ್ತೀನೂ ಅಲ್ಲ" ಎಂದು ಗದರುತ್ತಾನೆ. ಕ್ಯಾಂಟೀನಿನಲ್ಲಿ ನಾವು ಕೈ ತೊಳೆದು ಬರುವಷ್ಟರಲ್ಲಿ ನಮ್ಮ ಕುರ್ಚಿಯಲ್ಲಿ ಇನ್ಯಾರನ್ನೋ ಕೂರಿಸಿರುತ್ತಾನೆ. ತನ್ನ ಮದುವೆಯ ಫೋಟೋದಲ್ಲೂ ಹೆಂಡತಿಗೂ ತನಗೂ ನಡುವೆ ಸಂದಿ ಕಂಡು ಸೋದರಮಾವನನ್ನು ನಿಲ್ಲಿಸಿಕೊಂಡ ಮಹಾನುಭಾವ. ಕಲ್ಲುಕ್ವಾರಿಯ ಟವರಿಗೆ ಮಾತ್ರ ಅವನು ಕೈ ಹಾಕುವುದಿಲ್ಲ. ಎರಡು ವರ್ಷದ ಹಿಂದೆ, ಕ್ರೀಡಾಂಗಣದಲ್ಲಿ ಫೈನಲ್ ಪಂದ್ಯವಿದ್ದ ಮಧ್ಯಾಹ್ನ, "ಇದು ಖಾಲಿ" ಎಂದು ಅದರ ತರಂಗಗಳನ್ನೆಲ್ಲ ಅಲ್ಲಿಗೆ ಕೊಟ್ಟಿದ್ದ. ಅದೇ ಹೊತ್ತಿಗೆ ಕ್ವಾರಿಯ ಪಕ್ಕದ ಮನೆಯಲ್ಲಿ ಅವನ ಅಕ್ಕ ಎದೆನೋವಿನಿಂದ ಕುಸಿದಿದ್ದಳು. ಅವಳು ಹೋದ ಮೇಲೆ ಫೋನಿನಲ್ಲಿ ಕಂಡದ್ದು ಆಂಬುಲೆನ್ಸಿಗೆ ಮಾಡಿದ ಹನ್ನೊಂದು ಕರೆ, ಒಂದೂ ತಲುಪಿರಲಿಲ್ಲ. ಮೊನ್ನೆ ಹೊಸ ಮ್ಯಾನೇಜರ್ ಪರದೆ ನೋಡಿ, "ಕ್ವಾರಿ ಹತ್ರ ಯಾರೂ ಮಾತಾಡ್ತಿಲ್ಲ, ಸುಮ್ನೆ ಖಾಲಿ ಬಿಟ್ಟಿದ್ದೀರಲ್ಲ?" ಎಂದು ಕೇಳಿದರು. ಕಂಡಕ್ಟರ್ ತಲೆ ಎತ್ತಲಿಲ್ಲ. "ಖಾಲಿ ಇಲ್ಲ ಸಾರ್," ಎಂದ, "ಅಕ್ಕ ಕೂತಿದ್ದಾಳೆ."